ಸೋಲಿಲ್ಲದ ಬಾಕ್ಸರ್ ದೊಡ್ಡವನೋ, ಸೋತು ಎದ್ದವನೋ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕುಸ್ತಿ ಎಲ್ಲರಿಗೂ ಗೊತ್ತು. ಬಾಕ್ಸಿಂಗ್ ಹಾಗಲ್ಲ, ಅದರ ಅಭಿಮಾನಿಗಳು ಅಲ್ಲೊಬ್ಬರು, ಇಲ್ಲೊಬ್ಬರು. ಆದರೂ ಭಾನುವಾರ ಬೆಳಿಗ್ಗೆ ಅಮೆರಿಕದ ಪಂದ್ಯ ಮುಗಿಯುತ್ತಿದ್ದಂತೆ ಫೋನು, ಮೆಸೇಜು ಶುರುವಾಗುತ್ತವೆ. ವಾದ ಎಲ್ಲೆಲ್ಲೋ ಸುತ್ತಿ ಕಡೆಗೆ ಬಂದು ನಿಲ್ಲುವುದು ಒಂದೇ ಕಡೆ: ರೆಕಾರ್ಡಿನಲ್ಲಿ ಸೋಲಿನ ಜಾಗದಲ್ಲಿ ಸೊನ್ನೆ ಇರುವವನನ್ನು ಮೆಚ್ಚಬೇಕೋ, ಸೋಲು ಇರುವವನನ್ನೋ? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಉತ್ತರಗಳಲ್ಲಿರುವ ಅಭಿಪ್ರಾಯ ನನ್ನದು.

ಮೊದ್ಲ ಇದನ್ನ ಹೇಳ್ರಿ, ರೆಕಾರ್ಡ್ ಓದೋದು ಹೆಂಗ?

ಮೊದಲ ಅಂಕಿ ಗೆಲುವು, ಎರಡನೆಯದು ಸೋಲು, ಮೂರನೆಯದಿದ್ದರೆ ಅದು ಡ್ರಾ. ರಾಕಿ ಮಾರ್ಸಿಯಾನೋ 49-0 ಅಂದರೆ ನಲವತ್ತೊಂಬತ್ತು ಪಂದ್ಯ, ಎಲ್ಲವೂ ಗೆಲುವು. ಪಕ್ಕದಲ್ಲಿ 43 ಅಂತ ಬರೆದಿದ್ದರೆ ಅಷ್ಟನ್ನು ನಾಕೌಟ್‌ನಿಂದ, ಅಂದರೆ ಎದುರಾಳಿ ಮುಂದುವರಿಯಲಾಗದಂತೆ ಹೊಡೆದು, ಗೆದ್ದ ಅಂತ. ಇದು ವೃತ್ತಿಪರ ಬಾಕ್ಸಿಂಗ್‌ನ ಲೆಕ್ಕ ಮಾತ್ರ. ಒಲಿಂಪಿಕ್ಸ್, ರಾಷ್ಟ್ರೀಯ ಚಾಂಪಿಯನ್‌ಶಿಪ್ ಇವೆಲ್ಲ ಅಮೆಚೂರ್, ಅಂದರೆ ಹವ್ಯಾಸಿ ಬಾಕ್ಸಿಂಗ್. ಅಲ್ಲಿನ ಸೋಲು ಇದರೊಳಗೆ ಸೇರುವುದಿಲ್ಲ. ಹಾಗಾಗಿಯೇ 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಬಲ್ಗೇರಿಯಾದ ಸೆರಾಫಿಮ್ ತೊದೊರೊವ್‌ಗೆ ಸೋತ ಫ್ಲಾಯ್ಡ್ ಮೇವೆದರ್‌ನನ್ನು ನಾವು ಇವತ್ತಿಗೂ ‘ಸೋಲಿಲ್ಲದವ’ ಅನ್ನುತ್ತೇವೆ.

ಸುತ್ತುಬಳಸಿ ಬ್ಯಾಡ್ರಿ. ಮಂದಿಗೆ ಯಾರು ಸೇರ್ತಾರ?

ಪಂದ್ಯಕ್ಕೆ ಮೊದಲು ಮಂದಿಯನ್ನು ಎಳೆಯುವುದು ಸೊನ್ನೆ. ವರ್ಷಗಳು ಕಳೆದ ಮೇಲೆ ಮಂದಿ ಪ್ರೀತಿಯಿಂದ ನೆನೆಯುವವರಲ್ಲಿ ಹೆಚ್ಚಿನವರು ಸೋಲು ಕಂಡವರು. ಎರಡೂ ನಿಜ, ಎರಡೂ ಒಟ್ಟಿಗೇ ಇರುತ್ತವೆ.

2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಮೇವೆದರ್ ಮತ್ತು ಫಿಲಿಪೈನ್ಸ್‌ನ ಮ್ಯಾನಿ ಪಕ್ವಿಯಾವೋ ಎದುರಾದರು. ಅಮೆರಿಕದಲ್ಲೇ 46 ಲಕ್ಷ ಮನೆಗಳು ದುಡ್ಡು ಕೊಟ್ಟು ನೋಡಿದವು. ಅಷ್ಟು ಮಾರಾಟವಾದ ಬಾಕ್ಸಿಂಗ್ ಪಂದ್ಯ ಅದಕ್ಕೆ ಮುಂಚೆ ಇರಲಿಲ್ಲ. ಆ ಹೊತ್ತಿಗೆ ಮೇವೆದರ್ 47-0. ಪಕ್ವಿಯಾವೋಗೆ ಐದು ಸೋಲು. 2012ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಬಾಕ್ಸರ್ ಮಾರ್ಕೆಸ್‌ನ ಒಂದೇ ಏಟಿಗೆ ಮುಖ ಕೆಳಗಾಗಿ ಬಿದ್ದು, ಕೆಲ ಹೊತ್ತು ಅಲುಗಾಡದೇ ಮಲಗಿದ್ದನ್ನು ಜಗತ್ತೇ ನೋಡಿತ್ತು. ಸೋಲಿನಿಂದ ಬಾಕ್ಸರನ ಬೆಲೆ ಹೋಗುವುದೇ ಆಗಿದ್ದರೆ ಆ ಪಂದ್ಯ ಅಷ್ಟು ಮಾರಾಟವಾಗುತ್ತಿರಲಿಲ್ಲ. ಪಕ್ವಿಯಾವೋ ಎಂಟು ಬೇರೆ ಬೇರೆ ತೂಕಗಳಲ್ಲಿ ವಿಶ್ವ ಚಾಂಪಿಯನ್ ಆದವನು. ಅವನ ಸೋಲುಗಳನ್ನು ಅಭಿಮಾನಿಗಳು ಮುಚ್ಚಿಡುವುದಿಲ್ಲ, ಅವನ ಕಥೆ ಹೇಳುವಾಗ ಸೇರಿಸಿಯೇ ಹೇಳುತ್ತಾರೆ. 2005ರಲ್ಲಿ ಎರಿಕ್ ಮೊರಾಲೆಸ್‌ಗೆ ಸೋತ, 2006ರ ಒಂದೇ ವರ್ಷದಲ್ಲಿ ಅದೇ ಮೊರಾಲೆಸ್‌ನನ್ನು ಎರಡು ಸಲ ನಾಕೌಟ್ ಮಾಡಿದ.

ನನ್ನ ಮಟ್ಟಿಗೆ ಕೇಳಬೇಕಾದದ್ದು ‘ಎಷ್ಟು ಸೋತ’ ಅಂತಲ್ಲ. ಯಾರ ಎದುರು ನಿಂತ, ಯಾವ ವಯಸ್ಸಿನಲ್ಲಿ ನಿಂತ, ಸೋತ ಮೇಲೆ ಏನು ಮಾಡಿದ? ಈ ಮೂರಕ್ಕೆ ಉತ್ತರ ಸಿಕ್ಕರೆ ಬಾಕ್ಸರ್ ಅರ್ಥವಾಗುತ್ತಾನೆ.

ಹಂಗಾದ್ರ ಪ್ರಮೋಟರ್‌ಗಳು ಸೊನ್ನಿ ಉಳಿಸಾಕ ಯಾಕ ಅಷ್ಟು ಒದ್ದಾಡ್ತಾರ್ರಿ?

ಪೋಸ್ಟರ್ ಮೇಲೆ ಅದು ಚಂದ ಕಾಣುತ್ತದೆ, ಬಾಕ್ಸಿಂಗ್ ಗೊತ್ತಿಲ್ಲದವನಿಗೂ ಅರ್ಥವಾಗುತ್ತದೆ. ‘ಇವನನ್ನು ಇದುವರೆಗೆ ಯಾರೂ ಸೋಲಿಸಿಲ್ಲ’ ಎಂಬ ಒಂದು ಸಾಲು ಸಾಕು, ಟಿಕೆಟ್ ಹೋಗುತ್ತದೆ. ಇಬ್ಬರಿಗೂ ಸೊನ್ನೆ ಇದ್ದರೆ ಇನ್ನೂ ಜೋರು, ಯಾಕೆಂದರೆ ಡ್ರಾ ಆಗದ ಹೊರತು ಆ ರಾತ್ರಿ ಒಬ್ಬನದು ಹೋಗಲೇಬೇಕು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಹಮ್ಮದ್ ಅಲಿ 31-0, ಜೋ ಫ್ರೇಜರ್ 26-0. ಇಬ್ಬರಿಗೂ ತಲಾ 25 ಲಕ್ಷ ಡಾಲರ್ ಸಿಕ್ಕಿತು. ಆ ಕಾಲಕ್ಕೆ ಅದು ಊಹಿಸಲಾಗದ ಮೊತ್ತ. 2023ರ ಜುಲೈನಲ್ಲಿ ಟೆರೆನ್ಸ್ ಕ್ರಾಫರ್ಡ್ ಮತ್ತು ಎರಾಲ್ ಸ್ಪೆನ್ಸ್, 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಉಸಿಕ್ ಮತ್ತು ಟೈಸನ್ ಫ್ಯೂರಿ, ಇವೂ ಅದೇ ಜಾತಿಯ ಪಂದ್ಯಗಳು. ರಿಯಾದ್ ಪಂದ್ಯ ನೋಡಲು ನಮ್ಮ ಕಡೆಯವರು ನಸುಕಿನವರೆಗೆ ಎಚ್ಚರವಿದ್ದರು.

ಆದರೆ ಸೊನ್ನೆಯನ್ನು ಬೆಳೆಸುವ ರೀತಿ ಬೇರೆಯೇ ಇದೆ. ಹೊಸ ಹುಡುಗನಿಗೆ ಮೊದಲ ಹತ್ತು, ಹದಿನೈದು ಪಂದ್ಯಗಳಲ್ಲಿ ಸೋಲುವ ಸಾಧ್ಯತೆ ತೀರಾ ಕಡಿಮೆ ಇರುವ ಎದುರಾಳಿಗಳನ್ನೇ ಆರಿಸಿ ತರುತ್ತಾರೆ. ಆ ಎದುರಾಳಿಗಳದೂ ಒಂದು ಕಸುಬು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ಸರಿಯಾಗಿ 300 ಪಂದ್ಯ ಆಡಿದ: 32 ಗೆಲುವು, 256 ಸೋಲು, 12 ಡ್ರಾ. ಅವನ ಎದುರು ಕಲಿತು ಮುಂದೆ ಚಾಂಪಿಯನ್ ಆದವರಿದ್ದಾರೆ. 2008ರಲ್ಲಿ ತನ್ನ ಕೊನೆಯ ಪಂದ್ಯವನ್ನು ಆತ ಗೆದ್ದ. ಅವನನ್ನು ‘ಸೋಲುಬುರುಕ’ ಅನ್ನುವವರ ಜೊತೆ ನಾನು ವಾದ ಮಾಡುತ್ತೇನೆ. ಅಷ್ಟು ಸಲ ಹಗ್ಗದೊಳಗೆ ಇಳಿದು, ಪೆಟ್ಟು ತಪ್ಪಿಸಿಕೊಳ್ಳುತ್ತ, ಹುಡುಗರಿಗೆ ಪಾಠವಾಗುತ್ತ ಮನೆ ನಡೆಸಿದವನಿಗೆ ಗೌರವ ಸಲ್ಲಬೇಕು.

ಮೇವೆದರ್ 50-0 ಅದಾನ. ಆದ್ರೂ ಮಂದಿ ಅವನ್ನ ಯಾಕ ಬೈತಾರ?

ಅವನ ಪಂದ್ಯಕ್ಕೆ ದುಡ್ಡು ಕೊಟ್ಟವರಲ್ಲಿ ಬಹಳ ಮಂದಿ ಅವನು ಸೋಲುವುದನ್ನು ನೋಡಲೆಂದೇ ಕೊಟ್ಟರು. ಅದು ಅವನಿಗೂ ಗೊತ್ತಿತ್ತು, ಅದರ ಮೇಲೆಯೇ ವ್ಯಾಪಾರ ಕಟ್ಟಿದ.

ಕಲೆಯ ಮಾತು ಬಂದರೆ ನಾನು ಅವನ ಪರ. ಎಡ ಭುಜವನ್ನು ಗುರಾಣಿ ಮಾಡಿಕೊಂಡು, ಏಟು ಬರುವ ಕ್ಷಣಕ್ಕೆ ಒಂದಿಷ್ಟೇ ಹೊರಳಿ, ತಿರುಗಿ ಬಲಗೈ ಹಾಕುವುದು ಬೇಸರದ ಆಟ ಅನ್ನಿಸಿದರೆ ನಿಧಾನಗತಿಯಲ್ಲಿ ಮತ್ತೊಮ್ಮೆ ನೋಡಿ. 2013ರಲ್ಲಿ ಕನೆಲೊ ಅಲ್ವಾರೆಸ್ ಹುಮ್ಮಸ್ಸಿನ ಹರೆಯದವನು, ಸೋಲು ಕಾಣದವನು. ಅವನನ್ನು ಮೂವತ್ತಾರರ ಮೇವೆದರ್ ಹುಡುಗನಂತೆ ಆಡಿಸಿದ.

ಆದರೂ ಆ 50ರಲ್ಲಿ ಎಲ್ಲವೂ ಒಂದೇ ತೂಕದವಲ್ಲ. 2002ರ ಏಪ್ರಿಲ್‌ನಲ್ಲಿ ಹೊಸೆ ಲೂಯಿಸ್ ಕಾಸ್ಟಿಯೋ ಜೊತೆಗಿನ ಪಂದ್ಯವನ್ನು ನೋಡಿದ ಅನೇಕರು ಇವತ್ತಿಗೂ ಕಾಸ್ಟಿಯೋ ಗೆದ್ದ ಅನ್ನುತ್ತಾರೆ. ಅದೇ ಡಿಸೆಂಬರ್‌ನಲ್ಲಿ ಮೇವೆದರ್ ಅವನೊಡನೆ ಮತ್ತೆ ಆಡಿದ, ಗೆದ್ದ. ಅದು ಅವನ ಹೆಚ್ಚುಗಾರಿಕೆ. ಐವತ್ತನೆಯದು 2017ರ ಆಗಸ್ಟ್‌ನಲ್ಲಿ ಕಾನರ್ ಮೆಕ್‌ಗ್ರೆಗರ್ ಮೇಲೆ. ಮೆಕ್‌ಗ್ರೆಗರ್‌ಗೆ ಅದು ವೃತ್ತಿಪರ ಬಾಕ್ಸಿಂಗ್‌ನ ಮೊಟ್ಟಮೊದಲ ಪಂದ್ಯ. ಮಾರ್ಸಿಯಾನೋನ 49 ದಾಟಲು ಅಂಥ ಪಂದ್ಯ ಸಾಕಾಯಿತು ಎಂಬುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಪಕ್ವಿಯಾವೋ ಜೊತೆಗಿನ ಪಂದ್ಯವೂ 2010ರ ಹೊತ್ತಿಗೇ ಆಗಬೇಕಿತ್ತು. ಡೋಪಿಂಗ್ ಪರೀಕ್ಷೆಯ ಹಟದಲ್ಲಿ ಮುಂದೆ ಹೋಗಿ, ಇಬ್ಬರ ಒಳ್ಳೆಯ ವರ್ಷಗಳು ಕಳೆದ ಮೇಲೆ ನಡೆಯಿತು.

ಬರೀ ಅಂಕಿಯಲ್ಲಿ ಎಲ್ಲರಿಗಿಂತ ಮುಂದಿರುವವರು ಮೇವೆದರ್‌ ಒಬ್ಬರೇನಾ?

ಇಲ್ಲ. ಥಾಯ್ಲೆಂಡಿನ ವಾನ್‌ಹೆಂಗ್ ಮೆನಯೋತಿನ್ 54-0 ತನಕ ಹೋದ. ಅತಿ ಕಡಿಮೆ ತೂಕದ ವಿಭಾಗದಲ್ಲಿ ಚಾಂಪಿಯನ್ ಆಗಿದ್ದವನು, 2020ರ ನವೆಂಬರ್‌ನಲ್ಲಿ ತನ್ನದೇ ದೇಶದವನಿಗೆ ಸೋತ. ಬಾಕ್ಸಿಂಗ್ ನೋಡುವ ಹತ್ತು ಜನರನ್ನು ಕೇಳಿ, ಒಂಬತ್ತು ಜನಕ್ಕೆ ಅವನ ಹೆಸರೇ ಗೊತ್ತಿರುವುದಿಲ್ಲ. ಐವತ್ತನಾಲ್ಕು ಗೆಲುವಿದ್ದೂ ಹೆಸರಾಗಲಿಲ್ಲ.

ನಮ್ ಜಂಗಿ ನಿಕಾಲಿ ಕುಸ್ತಿಯೊಳಗ ಮಣ್ಣಿಗೆ ಬೆನ್ನು ಹತ್ತದ ಪೈಲ್ವಾನನ ದೊಡ್ಡಾಂವ. ಬಾಕ್ಸಿಂಗ್‌ನ್ಯಾಗ ಯಾಕ ಬ್ಯಾರೆ?

ಈ ಪ್ರಶ್ನೆ ಬರುವುದು ಹೆಚ್ಚಾಗಿ ಗರಡಿಮನೆಯ ಹಿರಿಯರಿಂದ, ಮತ್ತು ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ.

ಬೆಳಗಾವಿ ಆನಂದವಾಡಿಯ ಕಣವಾಗಲಿ, ಜಾತ್ರೆಯ ಕಣವಾಗಲಿ, ಪಾಯಿಂಟ್ ಇಲ್ಲದ ಕುಸ್ತಿಯಲ್ಲಿ ಫಲಿತಾಂಶ ಮಣ್ಣಿನ ಮೇಲೆ ಕಾಣುತ್ತದೆ. ಬೆನ್ನು ಹತ್ತಿತು, ಮುಗಿಯಿತು. ಬಾಕ್ಸಿಂಗ್‌ನಲ್ಲಿ ನಾಕೌಟ್ ಆಗದಿದ್ದರೆ ಮೂವರು ಜಡ್ಜ್‌ಗಳು ಪ್ರತಿ ರೌಂಡಿಗೂ ಅಂಕ ಬರೆಯುತ್ತಾರೆ. ಮೂವರೂ ಬೇರೆ ಬೇರೆ ಕೋನದಿಂದ ಕೂತು ನೋಡಿರುತ್ತಾರೆ. ಒಬ್ಬ ಇವನು ಗೆದ್ದ ಅಂದರೆ ಇನ್ನೊಬ್ಬ ಅವನು ಅನ್ನಬಹುದು. ಹಾಗಾಗಿ ರೆಕಾರ್ಡಿನಲ್ಲಿರುವ ಎಷ್ಟೋ ಸೋಲುಗಳು ಅಭಿಪ್ರಾಯದ ಮೇಲೆ ನಿಂತವು, ಎಷ್ಟೋ ಗೆಲುವುಗಳೂ ಅಷ್ಟೇ. 1993ರಲ್ಲಿ ಮೆಕ್ಸಿಕೋದ ಹೂಲಿಯೋ ಸೀಸರ್ ಚಾವೆಸ್ ಸತತ 87 ಗೆಲುವಿನ ನಂತರ ಪರ್ನೆಲ್ ವಿಟೇಕರ್ ಜೊತೆ ‘ಡ್ರಾ’ ಮಾಡಿಕೊಂಡಾಗ, ಹೆಚ್ಚಿನವರ ಕಣ್ಣಿಗೆ ವಿಟೇಕರ್ ಸ್ಪಷ್ಟವಾಗಿ ಗೆದ್ದಿದ್ದ. ಚಾವೆಸ್‌ನ ಸೊನ್ನೆ ಆ ದಿನ ಕಾಗದದ ಮೇಲೆ ಮಾತ್ರ ಉಳಿಯಿತು.

ಗಾಮಾ ಪೈಲ್ವಾನರ ಮಾತು ಇಲ್ಲಿ ಬರಲೇಬೇಕು. 1910ರಲ್ಲಿ ಲಂಡನ್‌ಗೆ ಹೋಗಿ ಜ್ಬಿಸ್ಕೋ ಎಂಬ ದೈತ್ಯನೊಡನೆ ಸೆಣಸಿದಾಗ, ಅವನು ಗಂಟೆಗಟ್ಟಲೆ ನೆಲ ಕಚ್ಚಿ ಮಲಗಿ ತಪ್ಪಿಸಿಕೊಂಡ. ಕುಸ್ತಿ ಬರೋಬರಿ ಆಯಿತು. ಮುಂದಿನ ವಾರದ ಕುಸ್ತಿಗೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಕೆಡವಿದರು. ಗಾಮಾ ಅಂದ ಕೂಡಲೇ ನಮ್ಮ ಹಿರಿಯರ ಮುಖ ಅರಳುವುದು ಈ ಕಥೆಗೆ. ಅವರು ದೊಡ್ಡ ಜೋಡಿಯನ್ನು ಹುಡುಕಿಕೊಂಡು ಹೋದರು, ಸಾಗರ ದಾಟಿ ಹೋದರು. ಹಳ್ಳಿಹಳ್ಳಿಯ ಹುಡುಗರನ್ನು ಕೆಡವಿಯೇ ಸೋಲಿಲ್ಲದೆ ಉಳಿದಿದ್ದರೆ ಆ ಹೆಸರು ನಿಲ್ಲುತ್ತಿರಲಿಲ್ಲ. ಕಣದ ಸುತ್ತ ಕೂತ ಮಂದಿಯೂ ಅದನ್ನೇ ಕೇಳುತ್ತಾರೆ. ಒಂದನೇ ನಂಬರಿನ ಕುಸ್ತಿಗೆ ಜೋಡಿ ಸರಿಯಾಗಿಲ್ಲದಿದ್ದರೆ ಹಲಗಿ ಎಷ್ಟು ಬಾರಿಸಿದರೂ ಯಾರೂ ಹುರುಪಾಗುವುದಿಲ್ಲ.

ಮಾರ್ಸಿಯಾನೋ ಸೋಲಲೇ ಇಲ್ಲ. ಅವರನ್ನು ಪ್ರೀತಿಸುತ್ತಾರಲ್ಲ?

ಹೌದು, ಮತ್ತು ಯಾಕೆಂದು ನೋಡಿದರೆ ಮತ್ತದೇ ಉತ್ತರ ಸಿಗುತ್ತದೆ. 1952ರ ಸೆಪ್ಟೆಂಬರ್ 23ರಂದು ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್ ಎದುರು ಅವನು ಮೊದಲ ರೌಂಡಿನಲ್ಲೇ ನೆಲಕ್ಕೆ ಬಿದ್ದ. ಹನ್ನೆರಡು ರೌಂಡ್ ಮುಗಿದಾಗ ಅಂಕಗಳಲ್ಲಿ ಹಿಂದಿದ್ದ. ಹದಿಮೂರನೇ ರೌಂಡಿನ ಒಂದು ಗಿಡ್ಡ ಬಲಗೈ ಏಟು ಎಲ್ಲವನ್ನೂ ತಿರುಗಿಸಿತು. ಸೋಲಿನ ಬಾಯಿಂದ ಹೊರಬಂದ ಸೊನ್ನೆ ಅದು. ಅವನ ಕಾಲದ ಎದುರಾಳಿಗಳಿಗೆ ವಯಸ್ಸಾಗಿತ್ತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ 1956ರಲ್ಲಿ ಅವನು ನಿಲ್ಲಿಸಿದ, ಮತ್ತೆ ಬರಲಿಲ್ಲ. ಹಾಗೆ ನಿಲ್ಲಿಸಿದವರು ಬಾಕ್ಸಿಂಗ್‌ನಲ್ಲಿ ಬಹಳ ಕಡಿಮೆ.

ಐದು ಸಲ ಸೋತ ಅಲಿಯನ್ನ ‘ಗ್ರೇಟೆಸ್ಟ್’ ಅಂತೀರಿ. ಹೆಂಗ?

ಫ್ರೇಜರ್ ಜೊತೆಗಿನ ಆ 1971ರ ಪಂದ್ಯವನ್ನೇ ತೆಗೆದುಕೊಳ್ಳಿ. ಸೈನ್ಯಕ್ಕೆ ಸೇರಲೊಪ್ಪದ ಕಾರಣಕ್ಕೆ 1967ರಲ್ಲಿ ಅಲಿಯ ಪಟ್ಟ ಕಿತ್ತುಕೊಂಡರು, ಮೂರೂವರೆ ವರ್ಷ ಆಡಲು ಬಿಡಲಿಲ್ಲ. ಮರಳಿ ಬಂದ ಮೂರನೇ ಪಂದ್ಯವೇ ಫ್ರೇಜರ್ ಮೇಲೆ. ಹದಿನೈದನೇ ರೌಂಡಿನಲ್ಲಿ ಫ್ರೇಜರ್‌ನ ಎಡ ಹುಕ್ (ಪಕ್ಕದಿಂದ ಬೀಸುವ ಏಟು) ದವಡೆಗೆ ಬಿತ್ತು, ಅಲಿ ಅಂಗಾತ ಬಿದ್ದ. ಬಿದ್ದ ಕೂಡಲೇ ಎದ್ದು ನಿಂತು ರೌಂಡ್ ಮುಗಿಸಿದ. ಸೋತ. ಅಲ್ಲಿಂದ ಮುಂದಿನ ನಾಲ್ಕು ವರ್ಷಗಳಲ್ಲೇ ಅವನು ಅಲಿ ಆದದ್ದು ಎಂದು ನನಗನ್ನಿಸುತ್ತದೆ. 1973ರಲ್ಲಿ ಕೆನ್ ನಾರ್ಟನ್‌ಗೂ ಸೋತ. ಅವನನ್ನೂ ತಿರುಗಿ ಸೋಲಿಸಿದ. ಫ್ರೇಜರ್‌ನನ್ನು 1974ರಲ್ಲಿ ಒಮ್ಮೆ, 1975ರ ಅಕ್ಟೋಬರ್ 1ರಂದು ಮನಿಲಾದ ಬೇಗೆಯಲ್ಲಿ ಮತ್ತೊಮ್ಮೆ ಗೆದ್ದ.

ನಡುವೆ 1974ರ ಅಕ್ಟೋಬರ್ 30, ಕಿನ್ಶಾಸಾ. ಎದುರಿಗೆ ಜಾರ್ಜ್ ಫೋರ್‌ಮನ್, 40-0. ಫ್ರೇಜರ್‌ನನ್ನೂ ನಾರ್ಟನ್‌ನನ್ನೂ ಎರಡೆರಡು ರೌಂಡಿನಲ್ಲಿ ಮುಗಿಸಿದ್ದವನು. ಅಲಿಗೆ ಎರಡು ಸೋಲು, ವಯಸ್ಸು 32. ರೆಕಾರ್ಡ್ ನೋಡಿ ಹೇಳುವುದಾದರೆ ಫೋರ್‌ಮನ್ ಗೆಲ್ಲಬೇಕಿತ್ತು. ಅಲಿ ಹಗ್ಗಕ್ಕೊರಗಿ ಏಟು ತಿನ್ನುತ್ತ ಅವನನ್ನು ದಣಿಸಿ ಎಂಟನೇ ರೌಂಡಿನಲ್ಲಿ ಕೆಡವಿದ.

ಫೋರ್‌ಮನ್‌ನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಧರ್ಮಬೋಧಕನಾದ. ಹತ್ತು ವರ್ಷದ ನಂತರ ಮರಳಿ, 1994ರ ನವೆಂಬರ್ 5ರಂದು, 45ನೇ ವಯಸ್ಸಿನಲ್ಲಿ, ಸೋಲೇ ಕಾಣದ 35-0ರ ಮೈಕೆಲ್ ಮೂರರ್‌ನನ್ನು ಹತ್ತನೇ ರೌಂಡಿನಲ್ಲಿ ಮಲಗಿಸಿ ಮತ್ತೆ ಚಾಂಪಿಯನ್ ಆದ. ಹಳೆಯ ಫೋರ್‌ಮನ್ 40-0 ಇದ್ದಾಗ ಜನ ಅವನಿಗೆ ಹೆದರುತ್ತಿದ್ದರು. ಸೋತು, ದಪ್ಪಗಾಗಿ, ನಗುನಗುತ್ತ ಬಂದವನನ್ನು ಪ್ರೀತಿಸಿದರು. 2025ರ ಮಾರ್ಚ್‌ನಲ್ಲಿ ಅವನು ತೀರಿಕೊಂಡಾಗ ಜನ ನೆನೆದದ್ದು ಎರಡನೆಯವನನ್ನೇ.

ರೆಕಾರ್ಡಿನಲ್ಲಿ ಸೋಲು ಜಾಸ್ತಿ ಇದ್ದವನು ಸುಲಭದ ಎದುರಾಳಿ ಅಲ್ಲವೇ?

ಉಕ್ರೇನಿನ ಲೊಮಚೆಂಕೊ ಅಮೆಚೂರ್ ಬಾಕ್ಸಿಂಗ್‌ನಲ್ಲಿ 396 ಗೆದ್ದು ಒಂದೇ ಒಂದು ಸೋತವನು, ಎರಡು ಒಲಿಂಪಿಕ್ ಚಿನ್ನ ಗೆದ್ದವನು. 2014ರ ಮಾರ್ಚ್‌ನಲ್ಲಿ, ವೃತ್ತಿಪರನಾಗಿ ಎರಡನೇ ಪಂದ್ಯದಲ್ಲೇ, ಅವನನ್ನು ಸೋಲಿಸಿದ ಮೆಕ್ಸಿಕೋದ ಒರ್ಲಾಂಡೋ ಸಾಲಿಡೋಗೆ ಆಗ ಹನ್ನೆರಡು ಸೋಲುಗಳಿದ್ದವು. ಸಾಲಿಡೋ ತೂಕ ಮೀರಿ ಬಂದಿದ್ದ, ಸೊಂಟದ ಕೆಳಗೂ ಸಾಕಷ್ಟು ಹೊಡೆದ. ಅದನ್ನು ನಾನು ಮೆಚ್ಚುವುದಿಲ್ಲ. ಆದರೆ ಕಷ್ಟದ ಪಂದ್ಯಗಳಲ್ಲಿ ಸೋತು ಕಲಿತದ್ದನ್ನೆಲ್ಲ ಅವನು ಆ ರಾತ್ರಿ ಬಳಸಿದ.

ಒಂದು ಪಂದ್ಯ ಸೋತ್ರ ಸಾಕು, ಮಂದಿ ‘ಇಂವ ಮೊದ್ಲಿಂದನೂ ಖೊಟ್ಟಿ’ ಅಂತಾರಲ್ರಿ?

ಇದು ಸೊನ್ನೆಯ ಪೂಜೆಯಿಂದ ಬಂದ ಕೆಟ್ಟ ಚಾಳಿ. 2019ರ ಜೂನ್ 1ರಂದು ಆಂಥೋನಿ ಜೋಶುವಾ, ಕೆಲವೇ ವಾರಗಳ ಮುಂಚೆ ಬದಲಿಯಾಗಿ ಬಂದ ಆಂಡಿ ರೂಯಿಸ್‌ಗೆ ಸೋತಾಗ ಇದೇ ಮಾತು ಕೇಳಿದೆವು. ಆರು ತಿಂಗಳಲ್ಲಿ ಕಳೆದುಕೊಂಡ ಚಾಂಪಿಯನ್ ಬೆಲ್ಟ್‌ಗಳನ್ನು ವಾಪಸ್ ತಂದ ಮೇಲೂ ಕೆಲವರ ಬಾಯಿ ಮುಚ್ಚಲಿಲ್ಲ. ಲೆನಾಕ್ಸ್ ಲೂಯಿಸ್ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸೋತದ್ದು ಇಬ್ಬರಿಗೆ, 1994ರಲ್ಲಿ ಮೆಕಾಲ್‌ಗೆ, 2001ರಲ್ಲಿ ರಹಮಾನ್‌ಗೆ, ಎರಡೂ ಒಂದೊಂದು ಏಟಿನ ನಾಕೌಟ್. ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ. ಹಾಗಾಗಿ ಅವನು ಎದುರಿಸಿದವರಲ್ಲಿ ಅವನಿಗಿಂತ ಮೇಲು ಎಂದು ಹೇಳಿಕೊಳ್ಳುವವರು ಯಾರೂ ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಇದು ಎಷ್ಟೋ ಸೊನ್ನೆಗಳಿಗಿಂತ ಮೇಲು.

ಇನ್ನೊಂದು ಬಗೆಯ ಸೋಲೂ ಇದೆ, ಅದನ್ನೂ ಹೇಳಬೇಕು. 1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ 37-0ರ ಮೈಕ್ ಟೈಸನ್, ಬಸ್ಟರ್ ಡಗ್ಲಸ್‌ಗೆ ಹತ್ತನೇ ರೌಂಡಿನಲ್ಲಿ ಬಿದ್ದ. ತಯಾರಿ ಸಾಲದೆ ಹೋಗಿ ಸೋತ ಸೋಲು ಅದು. ಅಲ್ಲಿ ಕೊಂಡಾಡಬೇಕಾದವನು ಡಗ್ಲಸ್. ಕೆಲ ವಾರಗಳ ಹಿಂದಷ್ಟೇ ತಾಯಿಯನ್ನು ಕಳೆದುಕೊಂಡು ಹಗ್ಗದೊಳಗೆ ಇಳಿದಿದ್ದ ಅವನಿಗೂ ಆ ದಿನಕ್ಕೆ ಮುಂಚೆ ಸೋಲುಗಳಿದ್ದವು.

ವಿಜೇಂದರ್ ಸಿಂಗ್ ಸೋತದ್ದು ಇಲ್ಲೇ ಗೋವಾದಾಗ ಅಲ್ರಿ?

ಹೌದು. 2008ರ ಬೀಜಿಂಗ್ ಕಂಚಿನ ವಿಜೇಂದರ್ 2015ರಲ್ಲಿ ವೃತ್ತಿಪರರಾಗಿ, ಸತತ ಹನ್ನೆರಡು ಗೆದ್ದಿದ್ದರು. 2021ರ ಮಾರ್ಚ್ 19ರಂದು ಪಣಜಿಯಲ್ಲಿ, ಕ್ಯಾಸಿನೋ ಹಡಗಿನ ಮೇಲ್ಛಾವಣಿಯಲ್ಲಿ ಹಾಕಿದ ರಿಂಗ್‌ನಲ್ಲಿ, ರಷ್ಯಾದ ಆರ್ತಿಶ್ ಲೊಪ್ಸಾನ್ ಐದನೇ ರೌಂಡಿನಲ್ಲಿ ಅವರನ್ನು ನಿಲ್ಲಿಸಿದ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಪಣಜಿ, ಅಷ್ಟು ಹತ್ತಿರ. 2022ರ ಆಗಸ್ಟ್‌ನಲ್ಲಿ ರಾಯಪುರದಲ್ಲಿ ಮರಳಿ ಬಂದು ಗೆದ್ದರು. ವೃತ್ತಿಪರ ಬಾಕ್ಸಿಂಗ್ ಅಂದರೇನೆಂದೇ ಗೊತ್ತಿಲ್ಲದ ದೇಶದಲ್ಲಿ ಅದಕ್ಕೆ ಜನ ಸೇರಿಸಿದವರು ಅವರು. ಒಂದು ಸೋಲಿನಿಂದ ಅವರ ಕೆಲಸ ಕಿರಿದಾಗುವುದಿಲ್ಲ.

ನಮ್ಮ ಹೆಣ್ಣುಮಕ್ಕಳ ಬಾಕ್ಸಿಂಗ್‌ನಲ್ಲಿ ಸೊನ್ನೆಯ ಮಾತೇ ಬರುವುದಿಲ್ಲವಲ್ಲ?

ಅದು ಅಮೆಚೂರ್ ಬಾಕ್ಸಿಂಗ್‌ನ ಒಳ್ಳೆಯ ಗುಣ. ಅಲ್ಲಿ ಎದುರಾಳಿಯನ್ನು ನೀವು ಆರಿಸುವುದಿಲ್ಲ, ಎತ್ತಿದ ಚೀಟಿ ಆರಿಸುತ್ತದೆ. ವರ್ಷಕ್ಕೆ ಹಲವು ಸಲ ಆಡಬೇಕು, ಎಲ್ಲರೂ ಸೋಲುತ್ತಾರೆ. ಮೇರಿ ಕೋಮ್ 2001ರ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಸೋತರು. ಆಮೇಲೆ ಆರು ಸಲ ವಿಶ್ವ ಚಾಂಪಿಯನ್ ಆದರು. 2019ರ ಅಕ್ಟೋಬರ್‌ನಲ್ಲಿ ನಿಖತ್ ಜರೀನ್ ‘ನನಗೂ ಟ್ರಯಲ್ (ಆಯ್ಕೆ ಪಂದ್ಯ) ಕೊಡಿ’ ಎಂದು ಬಹಿರಂಗವಾಗಿ ಕೇಳಿದರು. ಡಿಸೆಂಬರ್‌ನಲ್ಲಿ ಕೊಟ್ಟರು. ಮೇರಿ ಎದುರು 9-1ರಲ್ಲಿ ಸೋತರು. ಕೇಳಿದ್ದಕ್ಕೆ ಮೂದಲಿಸಿದವರು ಬಹಳ. ಅದೇ ನಿಖತ್ 2022ರಲ್ಲಿ, 2023ರಲ್ಲಿ ವಿಶ್ವ ಚಾಂಪಿಯನ್. 2024ರ ಪ್ಯಾರಿಸ್‌ನಲ್ಲಿ ಚೀನಾದ ವು ಯು ಎದುರು ಸೋತು ಕಣ್ಣೀರಿಟ್ಟರು. ಆ ಹೆಣ್ಣುಮಗಳ ಬಗ್ಗೆ ನನಗಿರುವ ಅಭಿಮಾನ ಪ್ಯಾರಿಸ್ ನಂತರ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಸೋತವರನ್ನ ಹೊಗಳೋದೂ ಅತಿ ಆಗ್ತದಲ್ರಿ?

ಆಗುತ್ತದೆ, ಮತ್ತು ಅದು ಅಪಾಯ. ‘ಬಿದ್ದರೂ ಏಳುತ್ತಾನೆ’ ಎಂದು ಕೇಕೆ ಹಾಕುವ ನಾವು, ಏಳಬಾರದವನನ್ನೂ ಎಬ್ಬಿಸುತ್ತೇವೆ. 1990ರ ಮಾರ್ಚ್ 17ರಂದು ಮೆಲ್ಡ್ರಿಕ್ ಟೇಲರ್, ಚಾವೆಸ್ ಎದುರು ಅಂಕಗಳಲ್ಲಿ ಗೆಲ್ಲುತ್ತಿದ್ದ. ಕೊನೆಯ ರೌಂಡಿನಲ್ಲಿ ಬಿದ್ದು ಎದ್ದ, ಎರಡೇ ಸೆಕೆಂಡು ಬಾಕಿ ಇರುವಾಗ ರೆಫರಿ ಪಂದ್ಯ ನಿಲ್ಲಿಸಿದರು. ರೆಫರಿಯನ್ನು ಬೈಯುವವರು ಇಂದಿಗೂ ಇದ್ದಾರೆ. ಆ ರಾತ್ರಿಯ ಏಟುಗಳಿಂದ ಟೇಲರ್ ಮತ್ತೆಂದೂ ಮೊದಲಿನಂತಾಗಲಿಲ್ಲ. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು 38ರ ಅಲಿಯನ್ನು ಇಳಿಸಿದ್ದು ಇನ್ನೂ ದೊಡ್ಡ ತಪ್ಪು. ಹೋಮ್ಸ್ ಹೊಡೆಯಲು ಹಿಂಜರಿಯುತ್ತ ಹೊಡೆದ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಲಕ್ಷಣಗಳಿವೆ ಎಂದು ವೈದ್ಯರು ಹೇಳಿದರು.

ಸೋತವನನ್ನು ಪ್ರೀತಿಸುವುದೆಂದರೆ ಅವನ ಮೂಲೆಯಲ್ಲಿ ನಿಂತ ತರಬೇತುದಾರರು ‘ಸಾಕು, ನಿಲ್ಲಿಸಿ’ ಎಂದು ಟವೆಲ್ ಎಸೆದಾಗ ಚಪ್ಪಾಳೆ ತಟ್ಟುವುದೂ ಸೇರಬೇಕು.

ನನ್ನ ಮಗ ಮೊದಲನೇ ಪಂದ್ಯನೇ ಸೋತಾನ. ಬಿಡಸ್ಲೇನ್ರಿ?

ಸೋತ ಎಂಬ ಕಾರಣಕ್ಕೆ ಬಿಡಿಸಬೇಡಿ, ಅವ್ವ. ಬರ್ನಾರ್ಡ್ ಹಾಪ್ಕಿನ್ಸ್ 1988ರಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯವೇ ಸೋತ. 2001ರಲ್ಲಿ 40-0ರ ಫೆಲಿಕ್ಸ್ ಟ್ರಿನಿಡಾಡ್‌ನನ್ನು ಕೆಡವಿದ, ಮಿಡಲ್‌ವೇಟ್ ಪಟ್ಟವನ್ನು ಇಪ್ಪತ್ತು ಸಲ ಉಳಿಸಿಕೊಂಡ, ನಲವತ್ತಾರು ದಾಟಿದ ಮೇಲೂ ವಿಶ್ವ ಚಾಂಪಿಯನ್ ಆದ. ಪಕ್ವಿಯಾವೋನನ್ನು ಮಲಗಿಸಿದ ಮಾರ್ಕೆಸ್ ಕೂಡ ತನ್ನ ಮೊದಲ ಪಂದ್ಯ ಸೋತವನೇ.

ನೀವು ನೋಡಬೇಕಾದದ್ದು ಬೇರೆ. ತಲೆಗೆ ಏಟು ಬಿದ್ದು ನಾಕೌಟ್ ಆಗಿದ್ದರೆ ಕನಿಷ್ಠ ಒಂದು ತಿಂಗಳು ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಬೇಡ, ವೈದ್ಯರು ಹೇಳಿದರೆ ಇನ್ನೂ ಹೆಚ್ಚು. ತಲೆನೋವು, ವಾಂತಿ, ಮಂಕುತನ ಕಂಡರೆ ಆಸ್ಪತ್ರೆಗೆ ಹೋಗಿ, ತರಬೇತುದಾರರು ಏನೇ ಹೇಳಲಿ. ಇನ್ನು ಅವನು ಮರುದಿನ ಬೆಳಿಗ್ಗೆ ತಾನಾಗಿಯೇ ಬೂಟು ಕಟ್ಟಿಕೊಂಡರೆ, ತಡೆಯಬೇಡಿ.

ಹೊಸದಾಗಿ ನೋಡುವವರು ಯಾವ ಪಂದ್ಯದಿಂದ ಶುರು ಮಾಡಬೇಕು?

ಚಾಂಪಿಯನ್‌ಗಳಿಂದ ಬೇಡ. 2002ರ ಮೇ 18ರ ಮಿಕಿ ವಾರ್ಡ್ ಮತ್ತು ಆರ್ಟುರೋ ಗಾಟಿ ಪಂದ್ಯ ಹುಡುಕಿ. ಇಬ್ಬರಿಗೂ ಸಾಕಷ್ಟು ಸೋಲುಗಳಿದ್ದವು, ಆ ರಾತ್ರಿ ಯಾವ ಬೆಲ್ಟೂ ಪಣಕ್ಕಿರಲಿಲ್ಲ. ವಾರ್ಡ್ ಗೆದ್ದ, ಮುಂದಿನ ಎರಡನ್ನು ಗಾಟಿ ಗೆದ್ದ, ಆಮೇಲೆ ಇಬ್ಬರೂ ಗೆಳೆಯರಾದರು. ಸಮಯವಿಲ್ಲದಿದ್ದರೆ ಒಂಬತ್ತನೇ ರೌಂಡ್ ಒಂದನ್ನೇ ನೋಡಿ, ಮೂರು ನಿಮಿಷ. ಶುರುವಿನಲ್ಲೇ ವಾರ್ಡ್‌ನ ಎಡಗೈ ಗಾಟಿಯ ಪಕ್ಕೆಗೆ ಬೀಳುತ್ತದೆ, ಗಾಟಿ ನೋವಿನಿಂದ ಮೊಣಕಾಲೂರುತ್ತಾನೆ. ಅಲ್ಲಿಂದ ಗಂಟೆ ಬಾರಿಸುವವರೆಗೆ ಏನೇನಾಗುತ್ತದೆ ಎಂಬುದನ್ನು ನೀವೇ ನೋಡಿ, ಆಮೇಲೆ ಫೋನ್ ಮಾಡಿ.